ಹೊಳೆ ಉಳಿಸುವ ಹೋರಾಟ: ಬೆಳೆಗಾರರು ತಿಳಿಯಬೇಕಾದ ಪಾಠ



ನಮ್ಮ ಮಲೆನಾಡಿನ ತೋಟಗಳಿಂದ ಹರಿದುಹೋಗುವ ನೀರು ಎಲ್ಲಿಗೆ ಸೇರುತ್ತದೆ ಎಂಬುದನ್ನು ಒಮ್ಮೆ ಯೋಚಿಸೋಣ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ಹರಿಹರವನ್ನು ದಾಟಿ, ಹೊಸಪೇಟೆ ಬಳಿಯ ಜಲಾಶಯದಲ್ಲಿ ನಿಲ್ಲುತ್ತವೆ. ಅಲ್ಲಿಂದ ಎಡದಂಡೆ ಕಾಲುವೆಯ ಮೂಲಕ ನೀರು ಸಿಂಧನೂರು ದಾಟಿ ಮಾನ್ವಿ ತಾಲ್ಲೂಕಿಗೆ ಹೋಗುತ್ತದೆ. ನೀರಮಾನ್ವಿ ಆ ತಾಲ್ಲೂಕಿನ ಊರು. ಕಾಲುವೆಯ ಕೊನೆಯ ಭಾಗದಲ್ಲಿರುವ ಆ ಸೀಮೆಯ ಬತ್ತದ ರೈತನಿಗೂ ನಮಗೂ ನಡುವೆ ಇರುವುದು ಒಂದೇ ಹೊಳೆ. ಈ ಹೊಳೆಯ ದಂಡೆಯಲ್ಲಿ ಕೈಗಾರಿಕೆಗಳು ಬೆಳೆದಾಗ ಜನರು ಏನು ಮಾಡಿದರು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದೇ ಈ ಪಾಠದ ವಿಷಯ.

ಹರಿಹರದ ಪ್ರಸಂಗ

ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಆರಂಭಿಸಿತು. ನೀಲಗಿರಿ ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳು ತಯಾರಿಸುವುದು ಅದರ ಕೆಲಸ. ಹೊಳೆಯ ನೀರು ಕೆಟ್ಟು ಮೀನುಗಳು ಸತ್ತು ತೇಲಿದಾಗ ಕೆಳದಂಡೆಯ ಹಳ್ಳಿಗರು ಸುಮ್ಮನಿರಲಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು.

ಕಾರ್ಖಾನೆಗೆ ಮರ ಒದಗಿಸಲೆಂದು 1984ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿತು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿ ನೆಡುವುದು ಯೋಜನೆ. ಆ ಭೂಮಿ ಹಳ್ಳಿಗರಿಗೆ ಮೇವು, ಸೌದೆ ಕೊಡುತ್ತಿದ್ದುದು. 1986ರಲ್ಲಿ ಶಿವರಾಮ ಕಾರಂತರೇ ಮುಂದಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿ ಕಿತ್ತು ಉಪಯೋಗದ ಗಿಡ ಹಚ್ಚಿದರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಕುದುರೆಮುಖದ ಪ್ರಸಂಗ

ಭದ್ರೆಯ ಮೂಲಪ್ರದೇಶದಲ್ಲಿದ್ದ ಕಬ್ಬಿಣದ ಅದಿರಿನ ಗಣಿಯದು ಇನ್ನೊಂದು ಬಗೆಯ ತೊಂದರೆ. ಮಳೆಗಾಲದಲ್ಲಿ ಗಣಿಯ ಮಣ್ಣು ಹೊಳೆಗಿಳಿಯುತ್ತಿತ್ತು. ಹೊಳೆಯಲ್ಲಿ ಹೂಳೆಷ್ಟು ಎಂಬುದನ್ನು ವಿಜ್ಞಾನಿಗಳು ಅಳೆದರು. ಕೆ.ಎಂ. ಚಿಣ್ಣಪ್ಪನವರು ನ್ಯಾಯಾಲಯದ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಆದೇಶ ನೀಡಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಹೂಳಿನ ಬೆಲೆ ಸಣ್ಣದಲ್ಲ. ತುಂಗಭದ್ರಾ ಜಲಾಶಯ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಕಾಡು ಕಡಿತ, ಉಳುಮೆ, ಗಣಿ ಮೊದಲಾದ ಹಲವು ಕಾರಣಗಳು ಕೂಡಿ ಆದ ನಷ್ಟವಿದು. ನೀರು ಕಡಿಮೆಯಾದಾಗ ಮೊದಲು ಒಣಗುವುದು ಮಾನ್ವಿಯಂಥ ಕೊನೆಭಾಗದ ಗದ್ದೆ.

ನೆನಪಿಡಬೇಕಾದ ಅಂಶಗಳು

1) ದೂರಿಗೆ ಪುರಾವೆ ಇರಲಿ. ನೀರು ಕೆಟ್ಟ ದಿನಾಂಕ, ಜಾಗ, ಸತ್ತ ಮೀನು, ಬೆಳೆಯ ನಷ್ಟ ಎಲ್ಲವನ್ನೂ ಬರೆದಿಡಬೇಕು. ನೀರಿನ ಮಾದರಿಯನ್ನು ಪರೀಕ್ಷೆ ಮಾಡಿಸಬೇಕು.

2) ಕಾನೂನು ತಿಳಿದಿರಲಿ. 1974ರ ಜಲಮಾಲಿನ್ಯ ಕಾಯ್ದೆಯನ್ವಯ ದೂರನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು.

3) ಒಂದೇ ಊರಿನ ಕೂಗು ಸಾಲದು. ಮೇಲಿನವರೂ ಕೆಳಗಿನವರೂ ಕೂಡಬೇಕು. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ನಡೆದಾಗ ಗವಿಮಠದ ಸ್ವಾಮಿಗಳೂ ಜನರೊಡನೆ ಬೀದಿಗಿಳಿದರು.

4) ಕಾರ್ಖಾನೆಯ ಕೂಲಿಕಾರನನ್ನು ಶತ್ರುವೆಂದು ತಿಳಿಯಬಾರದು. ಕೆಲಸ ಹೋದರೆ ಅವನ ಮನೆಯ ಗತಿಯೇನು ಎಂಬ ಪ್ರಶ್ನೆಗೂ ಹೋರಾಟಗಾರರಲ್ಲಿ ಉತ್ತರವಿರಬೇಕು.

ನಮ್ಮ ಪಾಲಿನ ಕೆಲಸ

ಕಾಫಿ ಪಲ್ಪಿಂಗ್ ಕಾಲದಲ್ಲಿ ಹಳ್ಳಗಳ ಹರಿವು ಇಳಿಯುತ್ತಿರುತ್ತದೆ. ಆಗ ಪಲ್ಪರಿನ ಲೋಳೆ ನೀರು ಹಳ್ಳಕ್ಕೆ ಬಿದ್ದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತದೆ. ಆದ್ದರಿಂದ ಅದನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತೆಗೆದು ಸಂಸ್ಕರಿಸಬೇಕು. ಸಿಪ್ಪೆಯನ್ನು ಗೊಬ್ಬರ ಮಾಡಬೇಕು. ಅಡಿಕೆ ಬೇಯಿಸಿ ಉಳಿದ ಚೊಗರನ್ನೂ ಹೊಳೆಗೆ ಬಿಡಬಾರದು. ಕಾರ್ಖಾನೆಗೆ ಹೇಳುವ ಮಾತನ್ನು ಮೊದಲು ನಮ್ಮ ತೋಟದಲ್ಲಿ ನಡೆಸಿದರೆ ಮಾತ್ರ ಅದಕ್ಕೆ ತೂಕ ಬರುತ್ತದೆ.

ಈ ಸಾಲಿನ ಪಲ್ಪಿಂಗ್ ಆರಂಭವಾಗುವ ಮುನ್ನ ಸದಸ್ಯರೆಲ್ಲರೂ ತಮ್ಮ ಗುಂಡಿಗಳನ್ನು ಪರೀಕ್ಷಿಸಿಕೊಳ್ಳಬೇಕೆಂದು ಕೋರುತ್ತೇವೆ.