ಸ್ಕೋಪ್ ತಗೊಳ್ಳೋ ಮುಂಚೆ: ಡಬ್ಬದ ಮೇಲಿನ ಎರಡು ನಂಬರ್ ಓದೋದು ಹೇಗೆ?

ಮಿನಿ ಪ್ರಾಜೆಕ್ಟ್ ಸೀಸನ್ ಶುರುವಾದ ಮೇಲೆ ನಮ್ಮ ಇ ಅಂಡ್ ಸಿ ಗೆಳೆಯರ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ: "ಎಲ್ಲರೂ ದುಡ್ಡು ಹಾಕಿ ಒಂದು ಡಿಜಿಟಲ್ ಸ್ಕೋಪ್ ತಗೊಳ್ಳೋಣ ಅಂತಿದ್ದೀವಿ. 50 ಮೆಗಾಹರ್ಟ್ಸ್ ಸಾಕಾ, 100 ಬೇಕಾ?"

ನಾಲ್ಕು ಮನೆಯ ದುಡ್ಡು ಸೇರಿಸಿ ತಗೊಳ್ಳೋ ವಸ್ತು ಇದು. ಒಂದು ಸಲ ತಗೊಂಡರೆ ಡಿಗ್ರಿ ಮುಗಿಯೋವರೆಗೂ ಅದೇ ಗತಿ. ಅಳತೆ ತಪ್ಪಿಸೋ ಸ್ಕೋಪ್ ಸಿಕ್ಕಿದರೆ ಸರಿಯಾಗಿರೋ ಸರ್ಕ್ಯೂಟನ್ನೇ ಬಿಚ್ಚಿ ಕೂರುತ್ತೇವೆ, ತಪ್ಪಿರೋದನ್ನ ಸರಿ ಅಂತ ಬಿಟ್ಟುಬಿಡುತ್ತೇವೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋ ಬ್ಯಾಂಡ್‌ವಿಡ್ತ್ ಮತ್ತು ಸ್ಯಾಂಪಲ್ ರೇಟ್ ಸುಳ್ಳೇನಲ್ಲ. ಆದರೆ ಆ ನಂಬರ್‌ಗಳು ಯಾವ ಷರತ್ತಿನಲ್ಲಿ ನಿಜ ಅನ್ನೋದನ್ನ ಡಬ್ಬ ಹೇಳಲ್ಲ. ಆ ಷರತ್ತುಗಳನ್ನ ಇಲ್ಲಿ ಒಂದೊಂದಾಗಿ ನೋಡೋಣ.

1. ಬ್ಯಾಂಡ್‌ವಿಡ್ತ್ ಅಂದರೆ ಏನು?

100 ಮೆಗಾಹರ್ಟ್ಸ್ ಸ್ಕೋಪ್ ಅಂದರೆ 100 ಮೆಗಾಹರ್ಟ್ಸ್‌ವರೆಗೆ ಎಲ್ಲವನ್ನೂ ಸರಿಯಾಗಿ ತೋರಿಸುತ್ತೆ ಅಂತ ಅರ್ಥ ಅಲ್ಲ. ಆ ಫ್ರೀಕ್ವೆನ್ಸಿಗೆ ಬರುವಷ್ಟರಲ್ಲಿ ಸಿಗ್ನಲ್ 3 ಡೆಸಿಬಲ್ ಕುಸಿದಿರುತ್ತೆ. ಅಂದರೆ 1 ವೋಲ್ಟ್ ಸೈನ್ ವೇವ್ ಕೊಟ್ಟರೆ ಪರದೆ ಮೇಲೆ ಸುಮಾರು 0.7 ವೋಲ್ಟ್ ಕಾಣುತ್ತೆ. ಶೇಕಡಾ 30ರಷ್ಟು ತಪ್ಪು!

ಸ್ಕ್ವೇರ್ ವೇವ್ ಆದರೆ ಇನ್ನೂ ಕಷ್ಟ. ಫೂರಿಯೇ ಸೀರೀಸ್ ನೆನಪಿದೆಯಲ್ಲ? ಸ್ಕ್ವೇರ್ ವೇವ್‌ನಲ್ಲಿ ಮೂಲ ಫ್ರೀಕ್ವೆನ್ಸಿ ಜೊತೆಗೆ 3ನೇ, 5ನೇ, 7ನೇ ಹಾರ್ಮೋನಿಕ್‌ಗಳೂ ಇರುತ್ತವೆ. 100 ಮೆಗಾಹರ್ಟ್ಸ್ ಕ್ಲಾಕನ್ನ 100 ಮೆಗಾಹರ್ಟ್ಸ್ ಸ್ಕೋಪಿಗೆ ಕೊಟ್ಟರೆ 300 ಮತ್ತು 500 ಮೆಗಾಹರ್ಟ್ಸ್ ಹಾರ್ಮೋನಿಕ್‌ಗಳು ಹೆಚ್ಚೂಕಮ್ಮಿ ಮಾಯ. ಉಳಿಯೋದು ಸೈನ್ ವೇವ್ ಥರದ ಒಂದು ಆಕಾರ. ಅದಕ್ಕೇ ಡಿಜಿಟಲ್ ಸಿಗ್ನಲ್‌ಗೆ "ಕ್ಲಾಕ್‌ನ ಐದು ಪಟ್ಟು ಬ್ಯಾಂಡ್‌ವಿಡ್ತ್" ಅನ್ನೋ ರೂಢಿ ಬಂದಿದೆ. 10 ಮೆಗಾಹರ್ಟ್ಸ್ ಎಸ್‌ಪಿಐ ಕ್ಲಾಕ್‌ಗೆ 50 ಮೆಗಾಹರ್ಟ್ಸ್.

2. ಕ್ಲಾಕ್‌ಗಿಂತ ಅಂಚು ಮುಖ್ಯ

ಐದು ಪಟ್ಟಿನ ರೂಢಿ ಸುಲಭ, ಆದರೆ ಪೂರ್ತಿ ಸತ್ಯ ಅಲ್ಲ. ಸೆಕೆಂಡಿಗೆ ಒಂದೇ ಸಲ ಆನ್-ಆಫ್ ಆಗೋ ಮೈಕ್ರೋಕಂಟ್ರೋಲರ್ ಪಿನ್ ಕೂಡ ಆನ್ ಆಗೋ ಆ ಕ್ಷಣದಲ್ಲಿ ಕೆಲವೇ ನ್ಯಾನೋಸೆಕೆಂಡ್‌ನಲ್ಲಿ ಮೇಲೇರುತ್ತೆ. ಸ್ಕೋಪ್‌ಗೂ ಅದರದೇ ರೈಸ್ ಟೈಮ್ ಇದೆ:

ರೈಸ್ ಟೈಮ್ = 0.35 ÷ ಬ್ಯಾಂಡ್‌ವಿಡ್ತ್

50 ಮೆಗಾಹರ್ಟ್ಸ್‌ಗೆ 7 ನ್ಯಾನೋಸೆಕೆಂಡ್, 100ಕ್ಕೆ 3.5, 200ಕ್ಕೆ 1.75. ಪರದೆ ಮೇಲೆ ಕಾಣೋ ರೈಸ್ ಟೈಮ್ ಅಂದರೆ ಸಿಗ್ನಲ್ ಮತ್ತು ಸ್ಕೋಪ್ ಎರಡರ ರೈಸ್ ಟೈಮ್‌ಗಳ ವರ್ಗಗಳನ್ನ ಕೂಡಿಸಿ ತೆಗೆದ ವರ್ಗಮೂಲ. ಸಿಗ್ನಲ್ ನಿಜವಾಗಿ 5 ನ್ಯಾನೋಸೆಕೆಂಡ್‌ನಲ್ಲಿ ಏರುತ್ತೆ ಅಂತ ಇಟ್ಕೊಳ್ಳಿ:

50 ಮೆಗಾಹರ್ಟ್ಸ್ ಸ್ಕೋಪ್ ತೋರಿಸೋದು: 8.6 ನ್ಯಾನೋಸೆಕೆಂಡ್
100 ಮೆಗಾಹರ್ಟ್ಸ್: 6.1 ನ್ಯಾನೋಸೆಕೆಂಡ್
200 ಮೆಗಾಹರ್ಟ್ಸ್: 5.3 ನ್ಯಾನೋಸೆಕೆಂಡ್

ಎಸ್‌ಪಿಐ ಡೇಟಾ ಓದಬೇಕು ಅಷ್ಟೇ ಅಂದರೆ ಮೊದಲನೇದೂ ನಡೆಯುತ್ತೆ. ಅಂಚಿನಲ್ಲಿ ಎಷ್ಟು ರಿಂಗಿಂಗ್ ಇದೆ, ಮಾಸ್‌ಫೆಟ್ ಎಷ್ಟು ಬೇಗ ಆನ್ ಆಗುತ್ತೆ ಅಂತ ಅಳೆಯಬೇಕಾದರೆ ನಡೆಯಲ್ಲ.

3. ಸ್ಯಾಂಪಲ್ ರೇಟ್: ಒಂದು ಗಿಗಾವನ್ನ ಎಷ್ಟು ಜನ ಹಂಚ್ಕೋತಾರೆ?

ನೈಕ್ವಿಸ್ಟ್ ಪ್ರಕಾರ ಸಿಗ್ನಲ್‌ನಲ್ಲಿರೋ ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ಎರಡು ಪಟ್ಟಿಗಿಂತ ಜಾಸ್ತಿ ಸ್ಯಾಂಪಲ್ ಬೇಕು. ಇದು ಪರೀಕ್ಷೆಗೆ ಸರಿ. ಸ್ಕೋಪಿಗೆ ಎರಡು ಪಟ್ಟು ಸಾಲದು, ಯಾಕಂದರೆ ಬ್ಯಾಂಡ್‌ವಿಡ್ತ್ ದಾಟಿದ ತಕ್ಷಣ ಸಿಗ್ನಲ್ ಸೊನ್ನೆ ಆಗಲ್ಲ, ನಿಧಾನಕ್ಕೆ ಇಳಿಯುತ್ತೆ. ಹಾಗಾಗಿ ಬ್ಯಾಂಡ್‌ವಿಡ್ತ್‌ನ ನಾಲ್ಕೈದು ಪಟ್ಟು ಸ್ಯಾಂಪಲ್ ರೇಟ್ ಇದ್ದರೆ ನೆಮ್ಮದಿ.

ಸ್ಯಾಂಪಲ್ ಕಮ್ಮಿ ಬಿದ್ದರೆ ಏಲಿಯಾಸಿಂಗ್. ಮೊಬೈಲ್ ವಿಡಿಯೋದಲ್ಲಿ ಫ್ಯಾನ್ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತಲ್ಲ, ಅದೇ. ಸೆಕೆಂಡಿಗೆ 2,50,000 ಸ್ಯಾಂಪಲ್ ತಗೊಳ್ಳೋ ಸ್ಕೋಪ್‌ಗೆ 251 ಕಿಲೋಹರ್ಟ್ಸ್ ಸಿಗ್ನಲ್ ಕೊಟ್ಟರೆ ಪರದೆ ಮೇಲೆ ಅಂದವಾದ 1 ಕಿಲೋಹರ್ಟ್ಸ್ ಅಲೆ ಕಾಣುತ್ತೆ. ನೋಡಿದವರಿಗೆ ಅನುಮಾನವೇ ಬರಲ್ಲ. ಪರೀಕ್ಷೆ ಮಾಡೋದು ಸುಲಭ: ಟೈಮ್‌ಬೇಸ್ ವೇಗ ಹೆಚ್ಚಿಸಿ. ಫ್ರೀಕ್ವೆನ್ಸಿ ಬದಲಾದರೆ ಮೊದಲು ಕಂಡಿದ್ದು ಸುಳ್ಳು.

ಡಬ್ಬದ ಮೇಲಿನ 1 ಗಿಗಾಸ್ಯಾಂಪಲ್ ಸಾಮಾನ್ಯವಾಗಿ ಒಂದೇ ಚಾನೆಲ್ ಆನ್ ಇದ್ದಾಗಿನ ಮಾತು. ವಿದ್ಯಾರ್ಥಿಗಳಲ್ಲಿ ಹೆಸರಾದ ರಿಗಾಲ್ ಡಿಎಸ್1054ಝಡ್ ತಗೊಳ್ಳಿ: 50 ಮೆಗಾಹರ್ಟ್ಸ್, ನಾಲ್ಕು ಚಾನೆಲ್, 1 ಗಿಗಾಸ್ಯಾಂಪಲ್. ನಾಲ್ಕೂ ಚಾನೆಲ್ ಆನ್ ಮಾಡಿದರೆ ತಲಾ 250 ಮೆಗಾಸ್ಯಾಂಪಲ್. 50 ಮೆಗಾಹರ್ಟ್ಸ್‌ಗೆ ಅದು ಐದು ಪಟ್ಟು, ಸರಿಹೋಯ್ತು. 100 ಮೆಗಾಹರ್ಟ್ಸ್ ಸ್ಕೋಪ್ ಹೀಗೆ ಹಂಚಿದರೆ ಎರಡೂವರೆ ಪಟ್ಟಿಗೆ ಇಳಿಯುತ್ತೆ. ಸಿಗ್ಲೆಂಟ್ ಎಸ್‌ಡಿಎಸ್1104ಎಕ್ಸ್-ಇ 100 ಮೆಗಾಹರ್ಟ್ಸ್‌ನದು, ಅದರಲ್ಲಿ ಎರಡೆರಡು ಚಾನೆಲ್‌ಗೆ ಒಂದೊಂದು ಎಡಿಸಿ ಇದೆ. ಹಾಗಾಗಿ ನಾಲ್ಕೂ ಆನ್ ಇದ್ದರೂ ತಲಾ 500 ಮೆಗಾಸ್ಯಾಂಪಲ್ ಸಿಗುತ್ತೆ.

ಇನ್ನೊಂದು ಎಚ್ಚರಿಕೆ. "ಈಕ್ವಿವಲೆಂಟ್" ಅಂತ ಪಕ್ಕದಲ್ಲಿ ಬರೆದಿರೋ ದೊಡ್ಡ ನಂಬರ್ ನಂಬಬೇಡಿ. ಅದು ಒಂದೇ ಥರ ಮರುಕಳಿಸೋ ಸಿಗ್ನಲ್‌ಗೆ ಮಾತ್ರ. ಒಂದೇ ಸಲ ಬಂದು ಹೋಗೋ ಗ್ಲಿಚ್‌ಗೆ ರಿಯಲ್ ಟೈಮ್ ರೇಟೇ ಗತಿ.

4. ಡಬ್ಬದ ಮುಂಭಾಗದಲ್ಲಿ ಇಲ್ಲದ ಮೂರನೇ ನಂಬರ್

ಇದಕ್ಕೆ ಪೀಣ್ಯದ ಉದಾಹರಣೆ ತಗೊಳ್ಳೋಣ. ಅಲ್ಲಿನ ಮಷೀನ್ ಶಾಪ್‌ಗಳಲ್ಲಿ ಮೋಟರ್ ಓಡಿಸೋಕೆ ವಿಎಫ್‌ಡಿ ಡ್ರೈವ್‌ಗಳಿವೆ. ಅದರ ಔಟ್‌ಪುಟ್ 50 ಹರ್ಟ್ಸ್, ಆದರೆ ಒಳಗೆ ಪಿಡಬ್ಲ್ಯುಎಂ ಹಲವು ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗ್ತಾ ಇರುತ್ತೆ. 8 ಕಿಲೋಹರ್ಟ್ಸ್ ಅಂತ ಇಟ್ಕೊಳ್ಳೋಣ. ಅಂಚು 100 ನ್ಯಾನೋಸೆಕೆಂಡ್ ಇದ್ದರೆ 0.35ರ ಲೆಕ್ಕದಲ್ಲಿ ಅದರ ಬ್ಯಾಂಡ್‌ವಿಡ್ತ್ ಬರೀ 3.5 ಮೆಗಾಹರ್ಟ್ಸ್. ಹಾಗಾದರೆ ಯಾವ ಸ್ಕೋಪ್ ಆದರೂ ನಡೆಯುತ್ತಾ?

ಇಲ್ಲ. 50 ಹರ್ಟ್ಸ್‌ನ ಒಂದು ಪೂರ್ತಿ ಸೈಕಲ್ ನೋಡೋಕೆ 20 ಮಿಲಿಸೆಕೆಂಡ್ ಹಿಡಿಯಬೇಕು. ಆಗ ಲೆಕ್ಕ ಇದು:

ನಿಜವಾದ ಸ್ಯಾಂಪಲ್ ರೇಟ್ = ಮೆಮೊರಿ ÷ ಪರದೆ ಮೇಲಿನ ಒಟ್ಟು ಸಮಯ

ಟೆಕ್ಟ್ರಾನಿಕ್ಸ್ ಟಿಬಿಎಸ್1000ಬಿ ಸರಣಿಯ ಮೆಮೊರಿ 2,500 ಪಾಯಿಂಟ್. ಅದನ್ನ 20 ಮಿಲಿಸೆಕೆಂಡಿಗೆ ಹಂಚಿದರೆ 8 ಮೈಕ್ರೋಸೆಕೆಂಡಿಗೆ ಒಂದು ಸ್ಯಾಂಪಲ್, ಅಂದರೆ ಸೆಕೆಂಡಿಗೆ 1,25,000. ಗಿಗಾಸ್ಯಾಂಪಲ್ ಎಲ್ಲಿ ಹೋಯ್ತು? 8 ಮೈಕ್ರೋಸೆಕೆಂಡ್‌ಗಿಂತ ಸಣ್ಣ ಪಲ್ಸ್ ಎರಡು ಸ್ಯಾಂಪಲ್‌ಗಳ ನಡುವೆ ತಪ್ಪಿಸಿಕೊಂಡು ಹೋಗಬಹುದು. ಪೀಕ್ ಡಿಟೆಕ್ಟ್ ಮೋಡ್ ಹಾಕಿದರೆ ಪಲ್ಸ್ ಬಂದಿದ್ದು ಗೊತ್ತಾಗುತ್ತೆ, ಆಕಾರ ಗೊತ್ತಾಗಲ್ಲ. 12 ಮಿಲಿಯನ್ ಪಾಯಿಂಟ್ ಮೆಮೊರಿ ಇದ್ದರೆ ಅದೇ 20 ಮಿಲಿಸೆಕೆಂಡಿಗೆ ಸೆಕೆಂಡಿಗೆ 60 ಕೋಟಿ ಸ್ಯಾಂಪಲ್‌ವರೆಗೆ ಜಾಗ ಇದೆ. ಪೂರ್ತಿ ಸೈಕಲ್ ಹಿಡಿದು, ಆಮೇಲೆ ಒಂದು ಅಂಚಿಗೆ ಜೂಮ್ ಮಾಡಬಹುದು.

ಈ ಉದಾಹರಣೆ ಓದಿ ಯಾರೂ ಪ್ರೋಬ್ ಹಿಡಿದು ಡ್ರೈವ್ ಹತ್ತಿರ ಹೋಗಬೇಡಿ. 415 ವೋಲ್ಟ್ ಮೂರು ಫೇಸ್‌ನ ಡ್ರೈವ್ ಒಳಗಿನ ಡಿಸಿ ಬಸ್ ಸುಮಾರು 590 ವೋಲ್ಟ್. ಸಾಮಾನ್ಯ ಬೆಂಚ್ ಸ್ಕೋಪ್‌ನ ಗ್ರೌಂಡ್ ಕ್ಲಿಪ್ ಮೂರು ಪಿನ್ ಪ್ಲಗ್ ಮೂಲಕ ನೇರವಾಗಿ ಅರ್ಥ್‌ಗೆ ಸೇರಿರುತ್ತೆ. ಅದನ್ನ ಡ್ರೈವ್ ಔಟ್‌ಪುಟ್‌ಗೆ ಸಿಕ್ಕಿಸಿದರೆ ನೇರ ಶಾರ್ಟ್. ಅರ್ಥ್ ಪಿನ್ ಕಿತ್ತು ಹಾಕಿದರೆ ಸ್ಕೋಪ್‌ನ ಮೈಯೇ ಲೈವ್. ಸರಿಯಾದ ರೇಟಿಂಗ್‌ನ ಡಿಫರೆನ್ಷಿಯಲ್ ಪ್ರೋಬ್ ಮತ್ತು ಗೊತ್ತಿರೋ ಹಿರಿಯರು ಪಕ್ಕದಲ್ಲಿ, ಎರಡೂ ಬೇಕು.

5. ಪ್ರೋಬ್ ಮರೆತರೆ ಎಲ್ಲ ವ್ಯರ್ಥ

ಸ್ವಿಚ್ ಇರೋ ಸಾಮಾನ್ಯ ಪ್ರೋಬ್ 1ಎಕ್ಸ್‌ನಲ್ಲಿ ಇದ್ದರೆ ಅದರ ಬ್ಯಾಂಡ್‌ವಿಡ್ತ್ 6ರಿಂದ 10 ಮೆಗಾಹರ್ಟ್ಸ್ ಆಸುಪಾಸಿಗೆ ಬೀಳುತ್ತೆ. 200 ಮೆಗಾಹರ್ಟ್ಸ್ ಸ್ಕೋಪ್ ಇದ್ದರೂ ಅಷ್ಟೇ. 10ಎಕ್ಸ್‌ನಲ್ಲಿ ಇಡಿ, ಕಾಂಪೆನ್ಸೇಷನ್ ತಿರುಪು ಸರಿಮಾಡಿ. 15 ಸೆಂಟಿಮೀಟರ್ ಗ್ರೌಂಡ್ ವೈರ್‌ನ ಇಂಡಕ್ಟೆನ್ಸ್ ಸುಮಾರು 150 ನ್ಯಾನೋಹೆನ್ರಿ. ಪ್ರೋಬ್‌ನ 12 ಪಿಕೋಫ್ಯಾರಡ್ ಜೊತೆ ಸೇರಿ ಅದು 120 ಮೆಗಾಹರ್ಟ್ಸ್ ಹತ್ತಿರ ರಿಂಗ್ ಆಗುತ್ತೆ. ಸರ್ಕ್ಯೂಟ್‌ನಲ್ಲಿ ಇಲ್ಲದ ರಿಂಗಿಂಗ್ ಪರದೆ ಮೇಲೆ ಕಾಣೋದು ಹೀಗೆ. ಜೊತೆಗೆ ಬಂದಿರೋ ಪುಟ್ಟ ಸ್ಪ್ರಿಂಗ್ ಬಿಸಾಕಬೇಡಿ, ಅದು ಇದಕ್ಕೇ ಇರೋದು.

6. ಹಾಗಾದರೆ ಯಾವುದು?

ಕೆಲಸ ನೋಡಿ ಆರಿಸಿ. ಪೀಣ್ಯದ ಥರದ ಮೋಟರ್, ಪವರ್ ಕೆಲಸಕ್ಕೆ 50 ಮೆಗಾಹರ್ಟ್ಸ್ ಧಾರಾಳ, ದುಡ್ಡನ್ನ ಮೆಮೊರಿ ಮತ್ತು ಡಿಫರೆನ್ಷಿಯಲ್ ಪ್ರೋಬ್‌ಗೆ ಹಾಕಿ. ಎಲೆಕ್ಟ್ರಾನಿಕ್ ಸಿಟಿ ಕಡೆ ಹೆಚ್ಚು ಕಾಣೋ ಎಂಬೆಡೆಡ್ ಕೆಲಸಕ್ಕೆ, ಅಂದರೆ ಕ್ಯಾನ್, ಐ2ಸಿ, ಎಸ್‌ಪಿಐಗೆ, 100 ಮೆಗಾಹರ್ಟ್ಸ್, ಡಿಕೋಡ್ ಸೌಲಭ್ಯ ಮತ್ತು ಸಾಧ್ಯವಾದರೆ ನಾಲ್ಕು ಚಾನೆಲ್. ವೈಟ್‌ಫೀಲ್ಡ್‌ನ ಚಿಪ್ ಮತ್ತು ಬೋರ್ಡ್ ಡಿಸೈನ್ ತಂಡಗಳ ಲೋಕ ಬೇರೆಯೇ: 480 ಮೆಗಾಬಿಟ್‌ನ ಯುಎಸ್‌ಬಿ 2.0ರ ಮೂಲ ಫ್ರೀಕ್ವೆನ್ಸಿಯೇ 240 ಮೆಗಾಹರ್ಟ್ಸ್, ಐದನೇ ಹಾರ್ಮೋನಿಕ್ 1.2 ಗಿಗಾಹರ್ಟ್ಸ್. ನಮ್ಮ ಬಜೆಟ್‌ನಲ್ಲಿ ಆ ಆಸೆ ಬೇಡ.

50 ಮೆಗಾಹರ್ಟ್ಸ್ ನಾಲ್ಕು ಚಾನೆಲ್ ಅಥವಾ 100 ಮೆಗಾಹರ್ಟ್ಸ್ ಎರಡು ಚಾನೆಲ್, ಎರಡರಲ್ಲಿ ಒಂದೇ ಆಗೋದು ಅಂದರೆ? ಡೇಟಾ ಓದೋ ಪ್ರಾಜೆಕ್ಟ್‌ಗಳೇ ಜಾಸ್ತಿ ಇದ್ದರೆ ಮೊದಲನೇದು. ಸ್ವಿಚಿಂಗ್ ರೆಗ್ಯುಲೇಟರ್, ಗೇಟ್ ಡ್ರೈವರ್ ಕಟ್ಟೋರು ಎರಡನೇದು ತಗೊಳ್ಳಿ.

ಎಸ್.ಪಿ. ರೋಡ್‌ಗೆ ಹೋದರೂ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೂ ಮೊದಲು ಡೇಟಾಶೀಟ್ ತೆಗೆದು ಈ ಐದಕ್ಕೆ ಉತ್ತರ ಹುಡುಕಿ:

ನಮ್ಮ ಸಿಗ್ನಲ್‌ನ ಅತಿ ವೇಗದ ಅಂಚು ಎಷ್ಟು ನ್ಯಾನೋಸೆಕೆಂಡ್?
ಎಲ್ಲ ಚಾನೆಲ್ ಆನ್ ಇದ್ದಾಗ ಸ್ಯಾಂಪಲ್ ರೇಟ್ ಎಷ್ಟು?
ಅದು ರಿಯಲ್ ಟೈಮಾ, ಈಕ್ವಿವಲೆಂಟಾ?
ಮೆಮೊರಿ ಎಷ್ಟು ಪಾಯಿಂಟ್, ನಮಗೆ ಎಷ್ಟು ಹೊತ್ತಿನ ಸಿಗ್ನಲ್ ಬೇಕು?
ಜೊತೆಗೆ ಕೊಡೋ ಪ್ರೋಬ್ ಎಷ್ಟು ಮೆಗಾಹರ್ಟ್ಸ್‌ನದು?

ಐದಕ್ಕೂ ಉತ್ತರ ಸಿಕ್ಕ ಮೇಲೆ ದುಡ್ಡು ಕೊಡಿ. ತಗೊಂಡವರು ಲ್ಯಾಬ್‌ಗೆ ಹಿಡ್ಕೊಂಡು ಬನ್ನಿ, ಒಂದೇ ಅಂಚನ್ನ ಎಲ್ಲರ ಸ್ಕೋಪ್‌ನಲ್ಲೂ ಹಾಕಿ ನೋಡೋಣ.