ಗುರುವಾರ ಸಂಜೆ ಆರಕ್ಕೆ

ಮೊದಲ ಸಲ ಅವನನ್ನು ಊರಿಗೆ ಕಳಿಸಿದಾಗ ನನಗೆ ತುಂಬ ಸಮಾಧಾನವಾಗಿತ್ತು. ರಾಯಚೂರು ಕಡೆಯ ಹನ್ನೊಂದು ವರ್ಷದ ಹುಡುಗ. ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಖಾಲಿ ಬಾಟಲಿ ಆಯ್ದು ಗುಜರಿಗೆ ಹಾಕುತ್ತಿದ್ದ. ಕಾಯ್ದೆಯಂತೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ದೆವು. ಕೆಲವು ದಿನಗಳಲ್ಲಿ ಅಪ್ಪ ಬಂದು ಸಹಿ ಹಾಕಿ ಕರೆದುಕೊಂಡು ಹೋದ. ಇಪ್ಪತ್ತು ದಿನಕ್ಕೆ ಹುಡುಗ ಮತ್ತೆ ಅದೇ ಪ್ಲಾಟ್‌ಫಾರ್ಮಿನಲ್ಲಿದ್ದ. ನನ್ನನ್ನು ಕಂಡವನೇ ಹಳಿಗೆ ಧುಮುಕಿ ಆಚೆಗೆ ಓಡಿದ. ರೈಲು ಬರುವ ಹೊತ್ತು. ಇಂದಿಗೂ ನೆನೆದರೆ ಎದೆ ನಡುಗುತ್ತದೆ.

ಆಮೇಲೆ ಹಿಡಿಯಲು ಹೋಗಲಿಲ್ಲ. ಸಮಿತಿಗೆ ವಿಷಯ ತಿಳಿಸಿ, ಮಕ್ಕಳು ಬಂದು ಹೋಗಬಹುದಾದ ತೆರೆದ ತಂಗುದಾಣದ ಜಗುಲಿಯಲ್ಲಿ ಪ್ರತಿ ಗುರುವಾರ ಸಂಜೆ ಆರಕ್ಕೆ ಕೂರತೊಡಗಿದೆ. ಅವನು ಸ್ನಾನಕ್ಕೆ, ಊಟಕ್ಕೆ ಬರುತ್ತಿದ್ದ. ಕೆಲವು ದಿನ ಬಟ್ಟೆಯಿಂದ ನಶೆಗೆ ಮೂಸುವ ಸೊಲ್ಯೂಷನ್ ಅಂಟಿನ ವಾಸನೆ. ಏನೂ ಕೇಳದೆ ಕೇರಂ ಆಡುತ್ತಿದ್ದೆ.

ದುಡಿದಿದ್ದನ್ನೆಲ್ಲ ಅವತ್ತೇ ಸಿನಿಮಾ, ಬಿರಿಯಾನಿಗೆ ಸುರಿಯುತ್ತಾನೆಂದು ಬೈದಿದ್ದೆ. ರಾತ್ರಿ ಉಳಿದ ದುಡ್ಡನ್ನು ದೊಡ್ಡ ಹುಡುಗರು ಬ್ಲೇಡಿನಿಂದ ಜೇಬು ಕುಯ್ದು ಒಯ್ಯುತ್ತಾರೆಂದು ತಿಳಿದದ್ದು ತಡವಾಗಿ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಅವನ ಹೆಸರಿನ ಡಬ್ಬಿಯಿಟ್ಟು, ಹಾಕಿದ್ದನ್ನು ಅವನೆದುರೇ ಪುಸ್ತಕದಲ್ಲಿ ಬರೆಯತೊಡಗಿದ ಮೇಲೆ ದಿನವೂ ಇಪ್ಪತ್ತು ಮೂವತ್ತು ರೂಪಾಯಿ ಕೂಡಿತು.

ಮನೆಯ ಮದುವೆಯೆಂದು ಒಂದು ಗುರುವಾರ ತಪ್ಪಿಸಿದೆ. ಮುಂದಿನ ವಾರ ಮುಖ ಊದಿಸಿಕೊಂಡು, "ಹ್ವಾದ ವಾರ ಯಾಕ ಬರಲಿಲ್ಲಕ್ಕ?" ಎಂದ. ಅವನಾಗಿ ನನ್ನನ್ನು ಕೇಳಿದ ಮೊದಲ ಮಾತು ಅದು. ಅಂದಿನಿಂದ ಬರಲಾಗದಿದ್ದರೆ ಮೊದಲೇ ಹೇಳುತ್ತಿದ್ದೆ.

ಐದನೇ ತಿಂಗಳು ಬಾಯಿಬಿಟ್ಟ. ಸಹಿ ಹಾಕಿದವನು ಮಲತಂದೆ. ಶಾಲೆ ಬಿಡಿಸಿ ಇಟ್ಟಿಗೆಗೂಡಿಗೆ ಹಾಕಿ, ಕೂಲಿ ಕಡಿಮೆಯಾದಾಗೆಲ್ಲ ಹೊಡೆಯುತ್ತಿದ್ದ. ನಾನು ಹೆಸರು, ಊರು, ತಾಲ್ಲೂಕು ಕೇಳಿದ್ದೆ. ಯಾರಿಂದ ಓಡಿಬಂದೆಯೆಂದು ಕೇಳಿರಲಿಲ್ಲ. ಆ ಮಲತಂದೆಯ ಕೈಗೇ ಹುಡುಗನನ್ನು ಒಪ್ಪಿಸಿದ್ದೆ.

ವರ್ಷದ ಗುತ್ತಿಗೆಯ ಮೇಲೆ ಬಂದುಹೋಗುವ ಸಿಬ್ಬಂದಿಯಿಂದ ಹೀಗೆ ಕಾದು ಕೇಳುವ ಕೆಲಸ ಆಗುವುದಿಲ್ಲ. ಬಂದ ಪ್ರತಿಯೊಬ್ಬರಿಗೂ ಮಗು ತನ್ನ ಕತೆಯನ್ನು ಮೊದಲಿಂದ ಹೇಳಬೇಕಾಗುತ್ತದೆ, ಕೊನೆಗೆ ಹೇಳುವುದನ್ನೇ ಬಿಡುತ್ತದೆ. ಎಷ್ಟು ಮಕ್ಕಳನ್ನು ಮನೆಗೆ ಮುಟ್ಟಿಸಿದಿರಿ ಎಂದು ಕೇಳುವವರು, ಎಷ್ಟು ಮಕ್ಕಳು ಅಲ್ಲಿ ಉಳಿದರು ಎಂದೂ ಕೇಳಬೇಕು.

ಸಮಿತಿಯ ಒಪ್ಪಿಗೆ ಪಡೆದು ಹುಡುಗನ ತಾಯಿಯ ತಾಯಿಯನ್ನು ಹುಡುಕಿದೆವು. ಮೊದಲು ಫೋನು, ಆಮೇಲೆ ಅಜ್ಜಿಯೇ ಬಂದು ನೋಡಿದಳು, ಆಮೇಲೆ ದೀಪಾವಳಿಗೆ ನಾಲ್ಕು ದಿನ ಅವಳ ಮನೆಯಲ್ಲಿ. ನಡುವೆ ಎರಡು ಸಲ ಅವನು ತಂಗುದಾಣದಿಂದ ಕಾಣೆಯಾದ. ಅವನ ತಟ್ಟೆ, ಡಬ್ಬಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ಎರಡನೇ ಸಲ ಹಿಂತಿರುಗಿದವನು ಯಾರನ್ನೂ ಕೇಳದೆ, ತನ್ನ ತಟ್ಟೆ ತೆಗೆದುಕೊಂಡು ಊಟದ ಸಾಲಿನಲ್ಲಿ ನಿಂತ.