ಬಾರ್ಬರಾ ಗಿಟ್ಟಿಂಗ್ಸ್ (1932–2007)

ಅಮೆರಿಕದ ಲೆಸ್ಬಿಯನ್ ಹಕ್ಕುಗಳ ಹೋರಾಟಗಾರ್ತಿ. ಜನನ ಆಸ್ಟ್ರಿಯಾದ ವಿಯೆನ್ನಾದಲ್ಲಿ. 1958ರಲ್ಲಿ ‘ಡಾಟರ್ಸ್ ಆಫ್ ಬಿಲಿಟಿಸ್’ ಎಂಬ ಲೆಸ್ಬಿಯನ್ ಸಂಘಟನೆಯ ನ್ಯೂಯಾರ್ಕ್ ಶಾಖೆ ಆರಂಭಿಸಿದರು. 1963–66ರಲ್ಲಿ ಅದರ ಪತ್ರಿಕೆ ‘ದಿ ಲ್ಯಾಡರ್’ನ ಸಂಪಾದಕಿ. ಸಲಿಂಗಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ನೀತಿ ವಿರೋಧಿಸಿ 1965ರಲ್ಲಿ ಶ್ವೇತಭವನದ ಮುಂದೆ ಫಲಕ ಹಿಡಿದು ನಿಂತರು. ಗುರುತು ಬಯಲಾಗುವುದಕ್ಕೇ ಜನ ಅಂಜುತ್ತಿದ್ದ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ.

ಮುಖ್ಯವಾಗಿ ನೆನಪಿಡಬೇಕಾದದ್ದು: ಆಗ ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ ಸಲಿಂಗಕಾಮವನ್ನು ಮನೋರೋಗಗಳ ಪಟ್ಟಿಗೆ ಸೇರಿಸಿತ್ತು. 1972ರ ಡಲ್ಲಾಸ್ ಸಮ್ಮೇಳನದ ವೇದಿಕೆಗೆ ಗಿಟ್ಟಿಂಗ್ಸ್ ಒಬ್ಬ ಸಲಿಂಗಿ ಮನೋವೈದ್ಯರನ್ನೇ ಕರೆತಂದರು. ಆ ವೈದ್ಯ ಜಾನ್ ಫ್ರೈಯರ್ ಮುಖವಾಡ ಧರಿಸಿ, ದನಿ ಮರೆಸಿಕೊಂಡು ಮಾತನಾಡಬೇಕಾಯಿತು! 1973ರ ಡಿಸೆಂಬರಿನಲ್ಲಿ ಅಸೋಸಿಯೇಷನ್ ಸಲಿಂಗಕಾಮವನ್ನು ಪಟ್ಟಿಯಿಂದ ಕೈಬಿಟ್ಟಿತು.

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ನೀಡುವ ಸ್ಟೋನ್‌ವಾಲ್ ಪುಸ್ತಕ ಪ್ರಶಸ್ತಿಯ ಸಾಹಿತ್ಯ ವಿಭಾಗಕ್ಕೆ ಇವರ ಹೆಸರಿದೆ.